ಗಲ್ಲಾದಿಂದ ಹೊರಟ ಬಿಟ್‌ಕಾಯಿನ್ ಎಲ್ಲಿ ನಿಲ್ಲುತ್ತದೆ?

ಡೆನ್ವರ್‌ನಿಂದ ಓದುಗರೊಬ್ಬರು ಬರೆದಿದ್ದಾರೆ: ‘ಕೊಲೊರಾಡೊದಲ್ಲಿ ಗಾಂಜಾ ಮಾರಾಟ ಕಾನೂನುಬದ್ಧ. ಆದರೂ ಸ್ನೇಹಿತರ ಅಂಗಡಿಗೆ ಬ್ಯಾಂಕ್ ಖಾತೆ ಸಿಗುತ್ತಿಲ್ಲ, ನೋಟಿನ ಕಂತೆ ಕಾಯುವುದೇ ಕೆಲಸವಾಗಿದೆ. ಬಿಟ್‌ಕಾಯಿನ್‌ನಂಥ ಕ್ರಿಪ್ಟೊ (ಡಿಜಿಟಲ್ ನಾಣ್ಯ) ಇರುವಾಗ ಬ್ಯಾಂಕಿನ ಹಂಗೇಕೆ?’

ಸಂಪಾದಕರ ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ರಾಜ್ಯ ಲೈಸೆನ್ಸ್ ಕೊಟ್ಟು ತೆರಿಗೆ ವಸೂಲು ಮಾಡುತ್ತದೆ. ಫೆಡರಲ್ (ಕೇಂದ್ರ) ಸರ್ಕಾರ 1970ರಲ್ಲೇ ಅದೇ ಸರಕನ್ನು ಮಾದಕ ವಸ್ತುಗಳ ಅತಿ ಕಠಿಣ ಪಟ್ಟಿಗೆ ಸೇರಿಸಿತು. ಆ ದುಡ್ಡು ಮುಟ್ಟಿದರೆ ಕೇಸು ಬೀಳುತ್ತದೆಂದು ಬ್ಯಾಂಕುಗಳಿಗೆ ದಿಗಿಲು. ಗಲ್ಲಾದಲ್ಲಿ ನೋಟು ಕಡಿಮೆಯಾದಷ್ಟೂ ದರೋಡೆಯ ಭಯ ಕಡಿಮೆ ಎಂಬುದೂ ನಿಜ. ಕ್ರಿಪ್ಟೊ ಪರವಾಗಿ ಅಷ್ಟು ಒಪ್ಪಿದೆ.

ಆದರೆ ಸ್ವಾಮಿ, ಇಡೀ ಪತ್ರದಲ್ಲಿ ಅಂಗಡಿ ಬಾಡಿಗೆಯ ಪ್ರಸ್ತಾಪವೇ ಇಲ್ಲವಲ್ಲ! 60 ಡಾಲರಿನ ಒಂದು ಮಾರಾಟವನ್ನು ಹಿಂಬಾಲಿಸಿ ನೋಡಿ. ಗಿರಾಕಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಬಿಟ್‌ಕಾಯಿನ್ ಕಳಿಸುತ್ತಾನೆ. ವರ್ಗಾವಣೆಗಳು ದಾಖಲಾಗುವ ಒಂದು ಬ್ಲಾಕಿಗೆ (ಕಂತೆಗೆ) ಸರಾಸರಿ 10 ನಿಮಿಷ. 2017ರ ಡಿಸೆಂಬರಿನ ನೂಕುನುಗ್ಗಲಲ್ಲಿ ಒಂದು ವರ್ಗಾವಣೆಯ ಸರಾಸರಿ ಶುಲ್ಕವೇ 50 ಡಾಲರ್ ದಾಟಿತ್ತು. ಡಾಲರಿಗೆ ಬೆಲೆ ಕಟ್ಟಿಹಾಕಿದ ಸ್ಟೇಬಲ್‌ಕಾಯಿನ್ ಆದರೆ ಬೆಲೆಯ ಏರಿಳಿತದ ಕಾಟ ತಪ್ಪೀತು. ಲೆಕ್ಕದ ಕಾಟ ತಪ್ಪದು. 2014ರಿಂದ ಅಮೆರಿಕದ ತೆರಿಗೆ ಇಲಾಖೆಯ ಕಣ್ಣಿಗೆ ಕ್ರಿಪ್ಟೊ ಹಣವಲ್ಲ, ಆಸ್ತಿ. ಬಂದ ಗಳಿಗೆಯ ಡಾಲರ್ ಬೆಲೆ ಬರೆದಿಡಬೇಕು, ಖರ್ಚು ಮಾಡಿದಾಗ ಲಾಭ–ನಷ್ಟ ತೋರಿಸಬೇಕು.

ತಿಂಗಳ ಕೊನೆ ಬಂತು. ಕೆಲಸಗಾರರ ಕನಿಷ್ಠ ವೇತನವನ್ನು ನಗದಿನಲ್ಲೋ ಚೆಕ್ಕಿನಲ್ಲೋ ಕೊಡಬೇಕೆಂಬುದು ಫೆಡರಲ್ ನಿಯಮ. ಬಾಡಿಗೆ, ಕರೆಂಟು, ತೆರಿಗೆ ಎಲ್ಲಕ್ಕೂ ಡಾಲರೇ ಬೇಕು. ಹಾಗಾಗಿ ಕ್ರಿಪ್ಟೊ ಮಾರಿ ಡಾಲರ್ ಪಡೆಯುವ ಎಕ್ಸ್‌ಚೇಂಜಿಗೆ ಹೋಗಲೇಬೇಕು. ಅಲ್ಲಿನ ಮೊದಲ ಪ್ರಶ್ನೆ: ‘ಏನು ವ್ಯಾಪಾರ?’ ನಿಜ ಹೇಳಿದರೆ ಖಾತೆ ಮುಚ್ಚಬಹುದು, ಏಕೆಂದರೆ ಎಕ್ಸ್‌ಚೇಂಜ್ ಕೂಡ ಯಾವುದೋ ಬ್ಯಾಂಕನ್ನೇ ನೆಚ್ಚಿಕೊಂಡಿದೆ. ಸುಳ್ಳು ಹೇಳಿದರೆ ವಂಚನೆ. ಗಾಂಜಾ ಖರೀದಿಯ ಕಾರ್ಡ್ ಪಾವತಿಗಳನ್ನು ಬೇರೆ ಸರಕಿನ ಹೆಸರಲ್ಲಿ ದಾಟಿಸಿದ ಇಬ್ಬರನ್ನು 2021ರಲ್ಲಿ ನ್ಯೂಯಾರ್ಕಿನ ಜ್ಯೂರಿ ತಪ್ಪಿತಸ್ಥರೆಂದಿತು.

ಗಾಂಜಾ ವ್ಯಾಪಾರಕ್ಕೆಂದೇ ಹುಟ್ಟಿದ ಕ್ರಿಪ್ಟೊ ನಾಣ್ಯಗಳ ಗತಿಯೂ ನೆನಪಿರಲಿ. 2014ರ ಪಾಟ್‌ಕಾಯಿನ್ ಜಗತ್ತಿನ ಬಾಯಿಗೆ ಬಿದ್ದದ್ದು 2017ರಲ್ಲಿ, ಬಾಸ್ಕೆಟ್‌ಬಾಲ್ ತಾರೆ ಡೆನ್ನಿಸ್ ರಾಡ್‌ಮನ್‌ನನ್ನು ಉತ್ತರ ಕೊರಿಯಾಕ್ಕೆ ಕಳಿಸಿಕೊಟ್ಟಾಗ. ಪ್ಯಾರಗಾನ್ ನಾಣ್ಯ ನೋಂದಣಿಯಿಲ್ಲದೆ ಬಂಡವಾಳ ಎತ್ತಿತೆಂದು 2018ರಲ್ಲಿ ಷೇರುಪೇಟೆ ನಿಯಂತ್ರಕರು 2,50,000 ಡಾಲರ್ ದಂಡ ಹಾಕಿದರು.

ನನ್ನ ಮೆಚ್ಚುಗೆ ಏನಿದ್ದರೂ ಕೊಲೊರಾಡೊದ ಕ್ರೆಡಿಟ್ ಯೂನಿಯನ್ನುಗಳ (ಸದಸ್ಯರೇ ಒಡೆಯರಾದ ಸಹಕಾರಿ ಬ್ಯಾಂಕುಗಳ) ಗುಮಾಸ್ತರಿಗೆ. 2014ರ ಫೆಬ್ರುವರಿಯಲ್ಲಿ ಗಾಂಜಾ ಅಂಗಡಿಗಳ ಖಾತೆ ನಡೆಸುವವರಿಗೆ ಅಮೆರಿಕದ ಖಜಾನೆ ಇಲಾಖೆ ಒಂದು ದಾರಿ ತೋರಿಸಿತು: ಲೈಸೆನ್ಸ್ ಪರಿಶೀಲಿಸಿ, ವ್ಯವಹಾರದ ಮೇಲೆ ಕಣ್ಣಿಡಿ, ವರದಿ ಕಳಿಸುತ್ತಿರಿ. 10,000 ಡಾಲರ್ ಮೀರಿದ ನಗದಿಗೆ ಪ್ರತ್ಯೇಕ ವರದಿ. ಗಿಡದಿಂದ ಗಿರಾಕಿಯವರೆಗೆ ಪ್ರತಿ ಪೊಟ್ಟಣದ ಜಾಡು ಹಿಡಿಯುವ ‘ಮೆಟ್ರಿಕ್’ ದಾಖಲೆಯ ಪಕ್ಕದಲ್ಲಿ ಜಮೆಯ ಮೊತ್ತವನ್ನಿಟ್ಟು ತಾಳೆ ನೋಡುವುದು, ತಾಳೆಯಾಗದಿದ್ದರೆ ಫೋನ್ ಮಾಡಿ ಕೇಳುವುದು, ಇದು ನಿತ್ಯದ ದುಡಿಮೆ. ಅದಕ್ಕೆ ಅಂಗಡಿಯವರು ದುಬಾರಿ ಶುಲ್ಕ ತೆರುತ್ತಾರೆ. ಸುದ್ದಿಮನೆಗಳಿಗೆ ಮಾತ್ರ ಇಂಥವರ ನೆನಪಾಗುವುದಿಲ್ಲ. ನಾಳೆ ಯಾರಾದರೂ ‘ಬ್ಲಾಕ್‌ಚೈನ್ ಗುಮಾಸ್ತ’ ಎಂದರೆ ಮುಖಪುಟ ಗ್ಯಾರಂಟಿ!

ಕಾನೂನಿನ ಗಂಟನ್ನು ಆ್ಯಪಿನಿಂದ ಬಿಚ್ಚುವ ಈ ಚಪಲದಿಂದ ಲಾಭ ಶಾಸನ ಮಾಡುವವರಿಗೇ. ಗಾಂಜಾ ಅಂಗಡಿಗಳಿಗೆ ಖಾತೆ ಕೊಡುವ ಬ್ಯಾಂಕುಗಳಿಗೆ ರಕ್ಷಣೆ ಕೊಡುವ ಮಸೂದೆ 2019ರಲ್ಲಿ ಅಮೆರಿಕ ಸಂಸತ್ತಿನ ಕೆಳಮನೆಯಲ್ಲಿ 321–103 ಮತಗಳಿಂದ ಗೆದ್ದು ಸೆನೆಟ್‌ನಲ್ಲಿ ಕೂತುಬಿಟ್ಟಿತು. ಅವರನ್ನು ಕೇಳುವ ಬದಲು ನಾವು ಕ್ರಿಪ್ಟೊ ವ್ಯಾಲೆಟ್ ಹುಡುಕುತ್ತಿದ್ದೇವೆ. ನಿಮ್ಮ ಸ್ನೇಹಿತರು ಲೈಸೆನ್ಸ್, ಮಾಲೀಕರ ವಿವರ, ತೆರಿಗೆ ಪಾವತಿಯ ರಸೀದಿ, ಮೆಟ್ರಿಕ್ ವರದಿ ಜೋಡಿಸಿಕೊಂಡು ಹತ್ತಿರದ ಕ್ರೆಡಿಟ್ ಯೂನಿಯನ್ನಿಗೆ ಮೊದಲು ಹೋಗಲಿ. ತಿಂಗಳ ಶುಲ್ಕ ಎಷ್ಟೆಂದು ಬರವಣಿಗೆಯಲ್ಲೇ ಪಡೆಯಲಿ.