ಬಿಲ್ಡ್ ನಡುವ ‘ಕಿಲ್ಡ್’ ಅಂತ ಯಾಕ ಬರ್ತೈತಿ?

ಪ್ರಶ್ನೆ: ಸರ್ ನಮಸ್ಕಾರ್ರಿ, ನಾ ಗದಗದಾಗ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡ್ಕೋತೀನಿ. ಮೂರು ಹಳೇ ಸರ್ವರ್ ಅದಾವ, ಅವನ್ನ ಒಂದs ಕಡೆ ಕುಂತು ನಡಸಾಕ ಬರ್ಲಿ, ಹುಡುಗ್ರಿಗೂ ಒಳಗಿನ ಕೋಡ್ ತೋರಸಾಕ ಬರ್ಲಿ ಅಂತ ಓವರ್ಟ್ ಎಂಜಿನ್ (ಹಲವು ಸರ್ವರ್ ಮ್ಯಾಲಿನ ವಿಎಂ, ಅಂದ್ರ ಒಂದು ಮಶೀನ್ ಒಳಗ ಓಡೋ ನಕಲಿ ಮಶೀನ್, ಒಂದs ಕಡೆಯಿಂದ ನಡಸೋ ಸಾಫ್ಟ್‌ವೇರ್) ಸೋರ್ಸ್ ಕೋಡ್ ಇಳಿಸ್ಕೊಂಡು ನನ್ನ 8 ಜಿಬಿ ರ್‍ಯಾಮಿನ ಲ್ಯಾಪ್‌ಟಾಪ್‌ನಾಗ ಬಿಲ್ಡ್ ಮಾಡಾಕ (ಕೋಡ್‌ನಿಂದ ಓಡೋ ಪ್ರೋಗ್ರಾಂ ಕಟ್ಟಾಕ) ಹತ್ತೀನಿ. ಮುಕ್ಕಾಲು ತಾಸು ಓಡಿ, ಲ್ಯಾಪ್‌ಟಾಪ್ ಪೂರಾ ನಿಂತಂಗ ಆಗಿ, ಕಡೀಕ ‘ಕಿಲ್ಡ್’ ಅಂತ ಒಂದs ಶಬ್ದ ಬರ್ತೈತಿ. ಸುಡೋ ಹಚ್ಚಿ, ಅಂದ್ರ ಪೂರಾ ಅಧಿಕಾರದ ಯೂಸರ್ ಆಗಿ, ರೂಟ್‌ನಿಂದ ಮಾಡಿದೆ, ಜಾವಾ ಹೀಪ್ (ಜಾವಾಕ್ಕ ಬಳಸಾಕ ಕೊಟ್ಟ ಮೆಮೊರಿ) 6 ಜಿಬಿಗೆ ಏರಿಸಿದೆ, ಅದು ಇನ್ನೂ ಲಗೂನ ಸಾಯಾಕ ಹತ್ತೈತಿ. ಮೂರು ದಿನ ಆತು. ಬಿಟ್ಟುಬಿಡ್ಲೇನ್ರಿ?
— ಲ್ಯಾಬ್ ಸಹಾಯಕ, ಗದಗ

ಉತ್ತರ: ಬಿಡಬ್ಯಾಡ್ರಿ, ನೀವು ಭಾಳ ಹತ್ರ ಬಂದೀರಿ. ನಿಮ್ಮ ಕೋಡ್‌ನಾಗ ಏನೂ ತಪ್ಪಿಲ್ಲ, ಮೆಮೊರಿ ಸಾಲವಲ್ದು ಅಷ್ಟs.

ಮೊದಲ ಒಂದು ಮಾತು ಗಟ್ಟಿ ಮಾಡ್ಕೋರಿ. ಮೆಮೊರಿ ಕಮ್ಮಿ ಬಿದ್ರ ಎರಡು ನಮೂನಿ ತಕರಾರು ಬರ್ತಾವ, ಎರಡಕ್ಕೂ ಔಷಧ ಉಲ್ಟಾ. ‘ಔಟ್ ಆಫ್ ಮೆಮೊರಿ, ಜಾವಾ ಹೀಪ್ ಸ್ಪೇಸ್’ ಅಂತ ಜಾವಾನ ಹೇಳಿದ್ರ ಅದಕ್ಕ ಕೊಟ್ಟ ಹೀಪ್ ಸಾಲಂಗಿಲ್ಲ ಅಂತ ಅರ್ಥ, ಆವಾಗ ಏರಸ್ಬೇಕು. ಆದ್ರ ಬರೇ ‘ಕಿಲ್ಡ್’ ಅಂತ ಬಂದ್ರ ಅದು ಜಾವಾ ಹೇಳಿದ್ದಲ್ಲ, ಇಡೀ ಮಶೀನಿನ ರ್‍ಯಾಮ್ ಮುಗದು ಲಿನಕ್ಸ್ ಕರ್ನಲ್ (ಸಿಸ್ಟಮ್ಮಿನ ತಿರುಳು) ತಾನs ಎಲ್ಲಾರ್ಕಿಂತ ಹೆಚ್ಚು ತಿನ್ನೋ ಪ್ರೋಸೆಸ್ ಹುಡುಕಿ ಕೊಂದೈತಿ. ಕರ್ನಲ್ ಬರ್ದಿಟ್ಟ ಸುದ್ದಿ ತೋರ್ಸೋ ಡಿಮೆಸೇಜ್ ಕಮಾಂಡ್ ಹೊಡೀರಿ, ಅದರಾಗ ‘ಔಟ್ ಆಫ್ ಮೆಮೊರಿ’ ಅಂತ ಬರ್ದು ಜಾವಾದ ಹೆಸರು ಇರ್ತೈತಿ. ನೀವು ಹೀಪ್ ಏರಿಸಿದಷ್ಟೂ ಅದು ಲಗೂನ ಸತ್ತಿದ್ದು ಇದಕ್ಕs.

ಇನ್ನ ಇಷ್ಟು ಮೆಮೊರಿ ತಿನ್ನೋದು ಯಾವ್ದು? ಎಂಜಿನ್ನಿನ ಸರ್ವರ್ ಭಾಗ ಅಲ್ಲ, ಅದು ಜಾವಾ ಕೋಡ್ ಕಟ್ಟೋ ಸಾಧನ ಮಾವೆನ್‌ನಿಂದ ಸಲೀಸ ಆಗ್ತೈತಿ. ತಿನ್ನೋದು ಬ್ರೌಸರ್‌ನಾಗ ಕಾಣೋ ಅಡ್ಮಿನ್ ಪೋರ್ಟಲ್. ಅದನ್ನ ಜಾವಾದಾಗ ಬರ್ದಾರ, ಜಿಡಬ್ಲ್ಯುಟಿ ಅನ್ನೋ ಕಂಪೈಲರ್ ಅದನ್ನ ಜಾವಾಸ್ಕ್ರಿಪ್ಟ್ ಮಾಡ್ತೈತಿ, ಅದೂ ಒಂದs ಸಲ ಅಲ್ಲ, ಬ್ರೌಸರ್ ಒಂದೊಂದಕ್ಕ ಬ್ಯಾರೆ, ಭಾಷಾ ಒಂದೊಂದಕ್ಕ ಬ್ಯಾರೆ. ನಿಮ್ಮ ಗದಗಿನ ಪ್ರೆಸ್‌ನ್ಯಾಗ ಒಂದs ಪುಸ್ತಕ ಹತ್ತು ಭಾಷಾದಾಗ ಬೇಕಂದ್ರ ಹತ್ತು ಸಲ ಪ್ಲೇಟ್ ಮಾಡಬೇಕಲ್ರಿ, ಹಂಗ. ಮ್ಯಾಲೆ ಅದು ಲಗೂ ಮುಗೀಲಿ ಅಂತ ನಾಲ್ಕೈದು ವರ್ಕರ್ ಕೂಡೇ ಓಡಿಸ್ತೈತಿ, ಒಂದೊಂದೂ ತನ್ನ ಪಾಲಿನ ಮೆಮೊರಿ ಕೇಳ್ತೈತಿ.

ಅದಕ್ಕ ಹಿಂಗ ಮಾಡ್ರಿ. ಜಿಡಬ್ಲ್ಯುಟಿಯ ಲೋಕಲ್ ವರ್ಕರ್ 1 ಅಂತ ಕೊಡ್ರಿ, ಹೀಪ್ 3 ಜಿಬಿಗೆ ಇಳಸ್ರಿ, ಡ್ರಾಫ್ಟ್ ಕಂಪೈಲ್ (ಚೊಕ್ಕ ಮಾಡೂದು ಬಿಟ್ಟು ಲಗೂ ಮುಗಸೋ ವಿಧಾನ) ಆನ್ ಮಾಡ್ರಿ, ಯುನಿಟ್ ಟೆಸ್ಟ್ (ಕೋಡಿನ ಸಣ್ಣ ಸಣ್ಣ ತುಣುಕಿನ ಪರೀಕ್ಷೆ) ಸದ್ಯಕ್ಕ ಬಂದ್ ಇಡ್ರಿ, ಬ್ರೌಸರ್ ಒಂದs ಸಾಕು. ಬ್ರೌಸರ್ ವಿಷಯದಾಗ ಭಾಳ ಮಂದಿ ಎಡವ್ತಾರ: ನೀವು ಕ್ರೋಮ್ ಬಳಸಿದ್ರೂ ಜಿಡಬ್ಲ್ಯುಟಿಗೆ ‘ಸಫಾರಿ’ ಅಂತನ ಹೇಳಬೇಕು, ಎರಡೂ ಒಂದs ಗುಂಪಿಗೆ ಹಾಕೈತಿ ಅದು. ಇದರ ಜೋಡಿ 8 ಜಿಬಿ ಸ್ವಾಪ್ ಫೈಲ್ (ಮೆಮೊರಿ ಸಾಲದಾಗ ಬಳಸೋ ಡಿಸ್ಕಿನ ಜಾಗ) ಮಾಡಿ ಇಡ್ರಿ, ಬ್ರೌಸರ್ ಪೂರಾ ಮುಚ್ಚಿ ಬಿಲ್ಡ್ ಹಚ್ರಿ. ಟೈಮ್ ಹಿಡೀತೈತಿ ಖರೆ, ಆದ್ರ ಮುಗೀತೈತಿ. ಚಾರ್ಜರ್ ಹಚ್ಚೇ ಇರ್ಲಿ, ನಮ್ಮ ಕಡೆ ಕರೆಂಟಿನ ಹಣೇಬರಾ ಗೊತ್ತೈತಲ್ಲ.

ರೂಟ್‌ನಿಂದ ಮಾಡಿದ್ದು ಮಾತ್ರ ನನಗ ಸರಿ ಅನ್ನಿಸ್ಲಿಲ್ಲ. ಈ ಡೆವಲಪ್‌ಮೆಂಟ್ ಬಿಲ್ಡ್ ಸಾದಾ ಯೂಸರ್‌ಗಂತನ ಮಾಡಿದ್ದು, ಪ್ರಿಫಿಕ್ಸ್ ಅಂತ ನಿಮ್ಮ ಹೋಮ್ ಒಳಗಿನ ಒಂದು ಫೋಲ್ಡರ್ ಕೊಟ್ರ ಎಲ್ಲಾ ಅಲ್ಲೇ ಕೂಡ್ತೈತಿ, ಸಿಸ್ಟಮ್ ಮುಟ್ಟೂದಿಲ್ಲ, ಬ್ಯಾಡಾದ್ರ ಫೋಲ್ಡರ್ ಅಳಿಸಿದ್ರ ಮುಗೀತು. ಈಗ ಸೋರ್ಸ್ ಫೋಲ್ಡರ್‌ನಾಗ ರೂಟ್ ಮಾಲೀಕತ್ವದ ಫೈಲ್ ಉಳ್ದಿರ್ತಾವ, ಮುಂದ ‘ಪರ್ಮಿಶನ್ ಡಿನೈಡ್’ ಅಂತ ಕಾಡ್ತಾವ, ಚೋನ್ (ಫೈಲಿನ ಮಾಲೀಕರನ್ನ ಬದಲಿಸೋ ಕಮಾಂಡ್) ಹೊಡ್ದು ಎಲ್ಲಾ ನಿಮ್ಮ ಹೆಸರಿಗೆ ಮಾಡ್ಕೋರಿ. ಮಾವೆನ್ ಮೊದಲ ಸಲ ರಾಶಿ ಲೈಬ್ರರಿ ಇಳಿಸ್ತೈತಿ, ಅದೊಂದು ಸಲ ನೆಟ್ ಛಲೋ ಇದ್ದಲ್ಲಿ ಕುಂತು ಮುಗಸ್ರಿ, ಆಮ್ಯಾಲೆ ಆಫ್‌ಲೈನ್‌ನಾಗೂ ನಡೀತೈತಿ.

ಬಿಲ್ಡ್ ಆತಂದ್ರ ಮುಂದಿನ ಎಡವಟ್ಟು ಎಂಜಿನ್ ತನ್ನ ಮಾಹಿತಿ ಇಡೋ ಡೇಟಾಬೇಸ್ ಸಾಫ್ಟ್‌ವೇರ್ ಪೋಸ್ಟ್‌ಗ್ರೆಸ್ಸಿಂದು. ‘ಎಂಜಿನ್’ ಹೆಸರಿನ ಯೂಸರ್, ಡೇಟಾಬೇಸ್ ಎರಡೂ ಮೊದಲ ಮಾಡಿ ಇಡ್ರಿ. ‘ಐಡೆಂಟ್ ಅಥೆಂಟಿಕೇಶನ್ ಫೇಲ್ಡ್’ ಅಂತ ಬಂದ್ರ ಪಾಸ್‌ವರ್ಡ್ ತಪ್ಪಲ್ಲ, ಪೋಸ್ಟ್‌ಗ್ರೆಸ್ ಪಾಸ್‌ವರ್ಡ್ ಕೇಳೇ ಇಲ್ಲ, ಸಿಸ್ಟಮ್ಮಿನ ಯೂಸರ್ ಹೆಸರಷ್ಟs ನೋಡೈತಿ. ಯಾರು ಹೆಂಗ ಒಳಗ ಬರ್ಬೇಕಂತ ಬರ್ದಿರೋ ಅದರ ಎಚ್‌ಬಿಎ ಫೈಲಿನಾಗ ಲೋಕಲ್‌ಹೋಸ್ಟ್ ಸಾಲಿನ ಮುಂದ ಐಡೆಂಟ್ ತಗದು ಪಾಸ್‌ವರ್ಡ್ ವಿಧಾನ ಹಾಕಿ ಸರ್ವಿಸ್ ರೀಲೋಡ್ ಮಾಡ್ರಿ. ಆಮ್ಯಾಲೆ ಎಂಜಿನ್ ಸೆಟಪ್ ಓಡಿಸಿ ಶುರು ಮಾಡಿದ್ರ 8080 ಪೋರ್ಟ್‌ನಾಗ ಪೇಜ್ ತೆರೀತೈತಿ.

ಪೇಜ್ ತೆರದ್ರೂ ಎಂಜಿನ್ ತಾನs ಒಂದೂ ವಿಎಂ ಓಡ್ಸೂದಿಲ್ಲ, ಅದು ಹುಕುಂ ಕೊಡೋದು ಅಷ್ಟ. ನಿಮ್ಮ ಒಂದೊಂದು ಸರ್ವರ್ ಮ್ಯಾಲೂ ಆ ಹುಕುಂ ಕೇಳೋ ಪ್ರೋಗ್ರಾಂ ವಿಡಿಎಸ್‌ಎಂ ಇರ್ಬೇಕು, ಅದು ವಿಎಂ ನಡಸೋ ಲೈಬ್ರರಿ ಲಿಬ್‌ವರ್ಟ್‌ಗೆ ಹೇಳ್ತೈತಿ, ಲಿಬ್‌ವರ್ಟ್ ವಿಎಂಗೆ ನಕಲಿ ಹಾರ್ಡ್‌ವೇರ್ ತೋರ್ಸೋ ಕ್ಯುಇಎಂಯುಗೆ ಹೇಳ್ತೈತಿ, ಖರೇ ಕೆಲಸ ಸಿಪಿಯುನ ವಿಎಂ ಓಡಿಸೋ ಬಲ ಬಳಸೋ ಕೆವಿಎಂದು, 2007ರಾಗ ಲಿನಕ್ಸ್ 2.6.20ರ ಜೋಡಿ ಕರ್ನಲ್ ಒಳಗ ಬಂದಿದ್ದು. ಹಳೇ ಸರ್ವರ್ ಅಂದ್ರಲ್ಲ, ಮೊದಲ ಪ್ರೊಕ್ ಸಿಪಿಯುಇನ್ಫೋ ಫೈಲಿನಾಗ ಆ ಬಲದ ಗುರುತು, ಇಂಟೆಲ್ ಇದ್ರ ವಿಎಂಎಕ್ಸ್, ಎಎಂಡಿ ಇದ್ರ ಎಸ್‌ವಿಎಂ ಐತೇನು ನೋಡ್ರಿ. ಇದ್ದೂ ಕೆವಿಎಂ ಓಡವಲ್ದಂದ್ರ ಬಯೋಸ್‌ನಾಗ ಆಫ್ ಇರ್ತೈತಿ.

ಇದರ ಹಿಂದಿನ ಕಥಿ ಹುಡುಗ್ರಿಗೆ ಹೇಳ್ರಿ, ಅವರಿಗೆ ರುಚಿ ಹತ್ತೈತಿ. ಲಿನಕ್ಸ್ ಕಂಪನಿ ರೆಡ್ ಹ್ಯಾಟ್ 2008ರಾಗ ಕೆವಿಎಂ ಹುಟ್ಟಿಸಿದ ಕುಮ್ರಾನೆಟ್ ಕಂಪನಿ ಕೊಂಡಾಗ ಈ ಎಂಜಿನ್ ಸಿ ಶಾರ್ಪ್‌ನಾಗ ಇತ್ತು, ವಿಂಡೋಸ್ ಬೇಕಿತ್ತು. ಅದನ್ನ ಪೂರಾ ಜಾವಾಕ್ಕ ತಂದು 2011ರಾಗ ಓವರ್ಟ್ ಅಂತ ಎಲ್ಲಾರಿಗೂ ಬಿಟ್ರು. ನೀವು ಇವತ್ತ ಕಂಪೈಲ್ ಮಾಡಾಕ ಹತ್ತಿದ್ದು ಅದನ್ನs.

ಪ್ರಶ್ನೆ: ನಮ್ಮ ಅಂಗಡ್ಯಾಗ ಒಂದs ಕಂಪ್ಯೂಟರ್ ಐತ್ರಿ, ಅದರಾಗ ಎರಡು ವಿಎಂ ಬೇಕು. ನಾನೂ ಸೋರ್ಸ್‌ನಿಂದನ ಬಿಲ್ಡ್ ಮಾಡಬೇಕೇನ್ರಿ?
— ಓದುಗರು, ಹಾವೇರಿ

ಉತ್ತರ: ಬ್ಯಾಡ್ರಿ. ನಿಮಗ ಓವರ್ಟೂ ಬ್ಯಾಡ, ಡಿಸ್ಟ್ರೋ (ನೀವು ಹಾಕ್ಕೊಂಡ ಲಿನಕ್ಸ್) ಕೊಡೋ, ವಿಎಂ ಮಾಡಿ ನಡಸೋ ವರ್ಟ್-ಮ್ಯಾನೇಜರ್ ಪ್ಯಾಕೇಜ್ ಹಾಕ್ಕೊಂಡ್ರ ಸಾಕು, ದಿನದ ವ್ಯಾಪಾರದ ಲೆಕ್ಕ ಇರೋ ಮಶೀನ್ ಮ್ಯಾಲೆ ನಾವು ಕೈಯಾರೆ ಕಟ್ಟಿದ್ದು ಇಟ್ರ ಸೆಕ್ಯೂರಿಟಿ ಅಪ್‌ಡೇಟ್ ತಾನಾಗೇ ಬರಂಗಿಲ್ಲ. ಕಲಿಯೋ ಆಸೆ ಇತ್ತಂದ್ರ ಬ್ಯಾರೆ ಮಶೀನ್‌ನಾಗ ಲಿಬ್‌ವರ್ಟ್ ಕಟ್ಟಿ ನೋಡ್ರಿ, 2020ರಿಂದ ಅದು ಮೆಸಾನ್ ಮತ್ತ ನಿಂಜಾ ಅನ್ನೋ ಬಿಲ್ಡ್ ಸಾಧನ ಬಳಸ್ತೈತಿ, ಓವರ್ಟ್‌ಗಿಂತ ಎಷ್ಟೋ ಹಗುರ. ಇನ್‌ಸ್ಟಾಲ್ ಮಾತ್ರ ಮಾಡಬ್ಯಾಡ್ರಿ, ಡಿಸ್ಟ್ರೋದ ಲಿಬ್‌ವರ್ಟ್ ಮ್ಯಾಲೆ ಬರ್ದುಬಿಡ್ತೈತಿ. ಬಿಲ್ಡ್ ಫೋಲ್ಡರ್‌ನಾಗ ‘ರನ್’ ಅಂತ ಒಂದು ಸ್ಕ್ರಿಪ್ಟ್ ಕೊಟ್ಟಾರ, ಮೊದಲಿನ ಸರ್ವಿಸ್ ನಿಲ್ಲಿಸಿ ಅದರಿಂದನ ಓಡಿಸ್ರಿ.