ಫ್ಯಾಕ್ಸ್ ಬಂದಿದೆ, ಫೋಲ್ಡರಿಗೆ ಮಾತ್ರ ಬಂದಿಲ್ಲ

ಕಚೇರಿಯ ಮಲ್ಟಿಫಂಕ್ಷನ್ ಕಾಪಿಯರಿಗೆ ಬರುವ ಫ್ಯಾಕ್ಸನ್ನು ಕಾಗದಕ್ಕಿಳಿಸದೆ ಕಂಪ್ಯೂಟರಿನ ಫೋಲ್ಡರಿಗೋ ಇಮೇಲಿಗೋ ಕಳಿಸುವ ವ್ಯವಸ್ಥೆಯ, ಅಂದರೆ ಫಾರ್ವರ್ಡಿಂಗಿನ, ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಮೆನುಗಳ ಹೆಸರು ಕಂಪನಿಯಿಂದ ಕಂಪನಿಗೆ ಬೇರೆ ಇರುತ್ತದೆ. ಒಳಗೆ ನಡೆಯುವ ಕೆಲಸ ಹೆಚ್ಚುಕಡಿಮೆ ಒಂದೇ.

ಪ್ರಶ್ನೆ: ಹಳೆಯ ಕಂಪ್ಯೂಟರ್ ತೆಗೆದು ವಿಂಡೋಸ್ 11 ಇರುವ ಹೊಸದನ್ನು ಇಟ್ಟಿದ್ದೇವೆ. ಹಿಂದಿನ ಹೆಸರಿನಲ್ಲೇ ಫೋಲ್ಡರ್ ಮಾಡಿ ಶೇರ್ ಮಾಡಿದ್ದಾಯಿತು. ಕಳಿಸಿದವರು ತಮ್ಮ ಯಂತ್ರದಲ್ಲಿ ‘ಓಕೆ’ ಬಂದಿದೆ ಎನ್ನುತ್ತಾರೆ, ನಮ್ಮ ಫೋಲ್ಡರ್ ಖಾಲಿ. ಫ್ಯಾಕ್ಸ್ ಎಲ್ಲಿಗೆ ಹೋಯಿತು?

ಉತ್ತರ: ಬಹುಶಃ ಎಲ್ಲಿಗೂ ಹೋಗಿಲ್ಲ, ಕಾಪಿಯರಿನ ಮೆಮೊರಿಯಲ್ಲೇ ಕೂತಿದೆ. ಕಳಿಸಿದವರ ‘ಓಕೆ’ಯನ್ನು ನೆಚ್ಚಿಕೊಳ್ಳಬೇಡಿ. ಫ್ಯಾಕ್ಸ್ ಸಂವಾದದ ನಿಯಮಾವಳಿಯಾದ ಟಿ.30ರ ಪ್ರಕಾರ ಒಂದೊಂದು ಪುಟ ಬಂದು ಮುಟ್ಟಿದಾಗಲೂ ನಿಮ್ಮ ಯಂತ್ರ ‘ಬಂತು’ ಎಂಬ ಸಂಕೇತ ಕೊಡುತ್ತದೆ. ಅಲ್ಲಿಗೆ ಫೋನ್ ಲೈನಿನ ವ್ಯವಹಾರ ಮುಗಿಯಿತು. ಮೆಮೊರಿಯಿಂದ ಫೋಲ್ಡರಿಗೆ ಹೋಗುವುದು ಆಮೇಲಿನ, ಬೇರೆಯದೇ ಪ್ರಯಾಣ. ಅದು ಕೆಟ್ಟರೆ ಕಳಿಸಿದವರಿಗೆ ಗೊತ್ತಾಗುವ ದಾರಿಯೇ ಇಲ್ಲ.

ಹಾಗಾಗಿ ಯಾವ ಸೆಟ್ಟಿಂಗನ್ನೂ ಮುಟ್ಟುವ ಮೊದಲು ಎರಡು ವರದಿ ತೆಗೆಯಿರಿ: ಫ್ಯಾಕ್ಸ್ ಸ್ವೀಕೃತಿಯ ಜರ್ನಲ್ ಮತ್ತು ಕಳಿಸಿದ ಕೆಲಸಗಳ ಲಾಗ್. ಮೊದಲನೆಯದರಲ್ಲಿ ‘ಓಕೆ’, ಎರಡನೆಯದರಲ್ಲಿ ದೋಷದ ಕೋಡ್ ಇದ್ದರೆ ತೊಂದರೆ ನೆಟ್‌ವರ್ಕಿನದು. ಎರಡನೆಯದರಲ್ಲಿ ಫಾರ್ವರ್ಡಿಂಗಿನ ಸಾಲೇ ಇಲ್ಲದಿದ್ದರೆ ಫಾರ್ವರ್ಡಿಂಗ್ ನಿಯಮವೇ ಚಾಲೂ ಆಗಿಲ್ಲ ಎಂದರ್ಥ.

ನಂತರ ಫಾರ್ವರ್ಡಿಂಗಿಗೆ ಬಳಸಿದ ಅದೇ ಅಡ್ರೆಸ್ ಬುಕ್ ನಮೂದನ್ನು ಆರಿಸಿ ಒಂದು ಹಾಳೆ ಸ್ಕ್ಯಾನ್ ಮಾಡಿ ಕಳಿಸಿ. ಅದೂ ವಿಫಲವಾದರೆ ಫ್ಯಾಕ್ಸನ್ನು ಮರೆತುಬಿಡಿ, ಬರೀ ಫೋಲ್ಡರ್ ಸಂಪರ್ಕ ಸರಿಮಾಡಿದರೆ ಸಾಕು. ಪ್ರತಿ ಸಲ ಯಾರಿಗಾದರೂ ಫೋನ್ ಮಾಡಿ ‘ಇನ್ನೊಂದು ಫ್ಯಾಕ್ಸ್ ಕಳಿಸಿ’ ಎಂದು ಕಾಡುವ ಕೆಲಸವೂ ತಪ್ಪುತ್ತದೆ.

ಕಂಪ್ಯೂಟರ್ ಬದಲಿಸಿದಾಗ ನಾವು ಮೊದಲು ಸಂಶಯಪಡುವುದು ಲಾಗಿನ್ ಖಾತೆಯನ್ನು. ಹೊಸ ಕಂಪ್ಯೂಟರಿಗೆ ನೀವು ನಾಲ್ಕಂಕಿಯ ಪಿನ್ ಹೊಡೆದು ಒಳಹೋಗುತ್ತಿರಬಹುದು. ಆ ಪಿನ್ ಆ ಕಂಪ್ಯೂಟರಿನ ಮುಂದೆ ಕೂತವರಿಗೆ ಮಾತ್ರ, ನೆಟ್‌ವರ್ಕಿನಿಂದ ಬರುವ ಕಾಪಿಯರಿಗೆ ಅದು ನಡೆಯುವುದಿಲ್ಲ. ಇಮೇಲ್ ವಿಳಾಸದ ಮೈಕ್ರೋಸಾಫ್ಟ್ ಖಾತೆಯನ್ನು ಕಾಪಿಯರಿಗೆ ಕೊಡುವುದೂ ತಲೆನೋವೇ. ಕಾಪಿಯರಿಗೆಂದೇ ಒಂದು ಲೋಕಲ್ ಖಾತೆ ಮಾಡಿ ಪಾಸ್‌ವರ್ಡ್ ಇಡಿ. ಪಾಸ್‌ವರ್ಡ್ ಇಲ್ಲದ ಖಾತೆಯಿಂದ ನೆಟ್‌ವರ್ಕ್ ಮೂಲಕ ಒಳಬರಲು ವಿಂಡೋಸ್ ಬಿಡುವುದಿಲ್ಲ. ಕಾಪಿಯರಿನಲ್ಲಿ ಲಾಗಿನ್ ಹೆಸರು ಬರೆಯುವಾಗ ಕಂಪ್ಯೂಟರಿನ ಹೆಸರು, ಬ್ಯಾಕ್‌ಸ್ಲ್ಯಾಶ್, ಖಾತೆಯ ಹೆಸರು ಎಂಬ ಕ್ರಮದಲ್ಲಿ ಕೊಟ್ಟರೆ ಗೊಂದಲ ಕಡಿಮೆ.

ಫೋಲ್ಡರನ್ನು ಡೆಸ್ಕ್‌ಟಾಪಿನಲ್ಲಿ ಇಡಬೇಡಿ. ಒನ್‌ಡ್ರೈವ್ ಅದನ್ನು ತನ್ನ ಆನ್‌ಲೈನ್ ಸಂಗ್ರಹದ ಜಾಗಕ್ಕೆ ಎಳೆದುಕೊಂಡರೆ ದಾರಿ ಬದಲಾಗುತ್ತದೆ. ಸಿ ಡ್ರೈವಿನಲ್ಲೇ ನೇರವಾಗಿ ಮಾಡಿ. ಹೆಸರು ಇಂಗ್ಲಿಷ್ ಅಕ್ಷರದಲ್ಲಿ, ಚಿಕ್ಕದಾಗಿ, ನಡುವೆ ಜಾಗ ಬಿಡದೆ ಇರಲಿ. ಕನ್ನಡದ ಹೆಸರು ನಮಗೂ ಇಷ್ಟ, ಆದರೆ ಕಾಪಿಯರಿನ ಕೀಲಿಮಣೆಯಲ್ಲಿ ಅದನ್ನು ಬರೆಯುವುದು ಹೇಗೆ? ಅನುಮತಿ ಎರಡು ಕಡೆ ಕೊಡಬೇಕು: ‘ಶೇರಿಂಗ್’ ಟ್ಯಾಬಿನಲ್ಲಿ ಒಮ್ಮೆ, ‘ಸೆಕ್ಯುರಿಟಿ’ ಟ್ಯಾಬಿನಲ್ಲಿ ಒಮ್ಮೆ. ಎರಡರಲ್ಲಿ ಯಾವುದು ಹೆಚ್ಚು ಬಿಗಿಯೋ ಅದೇ ನಡೆಯುತ್ತದೆ. ಶೇರಿಂಗಿನಲ್ಲಿ ಬರೀ ಓದುವ ಅನುಮತಿ ಕೊಟ್ಟು, ಸೆಕ್ಯುರಿಟಿಯಲ್ಲಿ ಪೂರ್ತಿ ಹಕ್ಕು ಕೊಟ್ಟರೂ ಫೈಲ್ ಬರೆಯಲಾಗುವುದಿಲ್ಲ.

ಮುಂದಿನದು ಫೈರ್‌ವಾಲ್. ಹೊಸ ಕಂಪ್ಯೂಟರ್ ಕಚೇರಿಯ ನೆಟ್‌ವರ್ಕನ್ನು ‘ಪಬ್ಲಿಕ್’ ಎಂದು ಗುರುತಿಸಿಕೊಂಡಿದ್ದರೆ ಫೋಲ್ಡರ್ ಹಂಚಿಕೆಯ ಬಾಗಿಲು ಮುಚ್ಚಿರುತ್ತದೆ. ಅದನ್ನು ‘ಪ್ರೈವೇಟ್’ ಮಾಡಿ, ಫೈಲ್ ಮತ್ತು ಪ್ರಿಂಟರ್ ಹಂಚಿಕೆಯನ್ನು ಚಾಲೂ ಮಾಡಿ. ಬೇಕಾದ ಬಾಗಿಲು, ಅಂದರೆ ಪೋರ್ಟ್, ಟಿಸಿಪಿ 445. ಬೇರೆ ಆಂಟಿವೈರಸ್ ಹಾಕಿದ್ದರೆ ಅದರ ಫೈರ್‌ವಾಲಿನಲ್ಲೂ ಇದೇ ಪೋರ್ಟ್ ನೋಡಿ. ಕಂಪ್ಯೂಟರ್ ನೆಟ್‌ವರ್ಕಿನಲ್ಲಿ ಸಿಗುತ್ತದೆಯೇ ಎಂದು ನೋಡುವ ಪಿಂಗ್ ಉತ್ತರ ಕೊಟ್ಟ ಮಾತ್ರಕ್ಕೆ 445 ತೆರೆದಿದೆ ಎಂದೇನಲ್ಲ.

ಇಷ್ಟೆಲ್ಲ ಸರಿಯಿದ್ದೂ ಸಂಪರ್ಕ ಆಗದಿದ್ದರೆ ಕಾಪಿಯರಿನ ವಯಸ್ಸು ಕೇಳಬೇಕಾಗುತ್ತದೆ. ಹಳೆಯ ಯಂತ್ರಗಳು ಫೋಲ್ಡರಿಗೆ ಕಳಿಸಲು ಎಸ್‌ಎಂಬಿ 1 ಎಂಬ ಹಳೆಯ ನಿಯಮಾವಳಿಯನ್ನಷ್ಟೇ ಬಲ್ಲವು. 2017ರ ಕೊನೆಗೆ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದೀಚೆಗೆ ಹೊಸದಾಗಿ ಹಾಕಿದ ವಿಂಡೋಸಿನಲ್ಲಿ ಅದು ಇರುವುದಿಲ್ಲ. ಅದನ್ನು ಮತ್ತೆ ಚಾಲೂ ಮಾಡಿಬಿಡಿ ಎಂದು ಸಲಹೆ ಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ, ನಾವು ಕೊಡುವುದಿಲ್ಲ. 2017ರ ಮೇ ತಿಂಗಳಲ್ಲಿ ಫೈಲ್‌ಗಳನ್ನು ಒತ್ತೆಯಿಟ್ಟು ಹಣ ಕೇಳುವ ವಾನ್ನಾಕ್ರೈ ವೈರಸ್ ಹರಡಿದ್ದು ಇದೇ ಎಸ್‌ಎಂಬಿ 1ರ ಬಿರುಕಿನಿಂದ. ಕಾಪಿಯರಿಗೆ ಫರ್ಮ್‌ವೇರ್, ಅಂದರೆ ಯಂತ್ರದೊಳಗಿನ ತಂತ್ರಾಂಶದ, ಅಪ್‌ಡೇಟ್ ಇದೆಯೇ ಎಂದು ಸರ್ವಿಸ್ ಎಂಜಿನಿಯರನ್ನು ಕೇಳಿ. ಹಾಕಿದ ಮೇಲೆ ಎಸ್‌ಎಂಬಿ 2 ಅಥವಾ 3 ಆಯ್ಕೆಯಾಗಿದೆಯೇ ನೋಡಿಕೊಳ್ಳಿ. ಅಪ್‌ಡೇಟ್ ಇಲ್ಲದಿದ್ದರೆ ಫೈಲ್ ಕಳಿಸುವ ಇನ್ನೊಂದು ನಿಯಮಾವಳಿಯಾದ ಎಫ್‌ಟಿಪಿಗೋ ಇಮೇಲಿಗೋ ಬದಲಾಯಿಸುವುದು ವಾಸಿ.

ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ ಇನ್ನೊಂದು ತೊಡಕು ಸೇರಿಕೊಂಡಿದೆ: ಪ್ರೊ ಮತ್ತು ಎಂಟರ್‌ಪ್ರೈಸ್‌ಗಳಲ್ಲಿ ಎಸ್‌ಎಂಬಿ ಸೈನಿಂಗ್, ಅಂದರೆ ಪ್ರತಿ ಸಂದೇಶಕ್ಕೂ ಸಹಿ, ಈಗ ಕಡ್ಡಾಯ. ಎಸ್‌ಎಂಬಿ 2 ಬಲ್ಲ ಕಾಪಿಯರ್ ಕೂಡ ಸೈನಿಂಗ್ ಮಾಡದಿದ್ದರೆ ಹೊರಗೇ ನಿಲ್ಲುತ್ತದೆ. ‘ನಿನ್ನೆಯವರೆಗೆ ಬರುತ್ತಿತ್ತು, ವಿಂಡೋಸ್ ಅಪ್‌ಡೇಟ್ ಆದಮೇಲೆ ನಿಂತಿತು’ ಎನ್ನುವವರು ಕಾಪಿಯರಿನ ಎಸ್‌ಎಂಬಿ ಸೆಟ್ಟಿಂಗಿನಲ್ಲಿ ಸೈನಿಂಗ್ ಆಯ್ಕೆ ಹುಡುಕಲಿ.

ಪ್ರಶ್ನೆ: ನಮ್ಮಲ್ಲಿ ಫಾರ್ವರ್ಡಿಂಗ್ ಚೆನ್ನಾಗಿಯೇ ನಡೆಯುತ್ತದೆ. ಆದರೆ ಸುಮಾರು ಒಂದೂವರೆ ತಿಂಗಳಿಗೊಮ್ಮೆ ತಾನಾಗಿ ನಿಲ್ಲುತ್ತದೆ. ಎಂಜಿನಿಯರ್ ಬಂದು ಏನೋ ಮಾಡಿ ಹೋದರೆ ಮತ್ತೆ ಅಷ್ಟೇ ದಿನ.

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ. ವಿಂಡೋಸಿನಲ್ಲಿ ಪಾಸ್‌ವರ್ಡಿನ ಗರಿಷ್ಠ ಆಯಸ್ಸು, ಯಾರೂ ಬದಲಿಸದಿದ್ದರೆ, 42 ದಿನ. ಮನುಷ್ಯರಿಗಾದರೆ ‘ಬದಲಿಸಿ’ ಎಂಬ ಪರದೆ ಬರುತ್ತದೆ, ಕಾಪಿಯರಿಗೆ ಬರುವುದಿಲ್ಲ. ಅದು ಹಳೆಯ ಪಾಸ್‌ವರ್ಡನ್ನೇ ಹೇಳುತ್ತಾ ಬಾಗಿಲು ತಟ್ಟುತ್ತಿರುತ್ತದೆ. ಕಾಪಿಯರಿನ ಖಾತೆಗೆ ‘ಪಾಸ್‌ವರ್ಡ್ ಅವಧಿ ಮುಗಿಯುವುದಿಲ್ಲ’ ಎಂಬ ಗುರುತು ಹಾಕಿ. ಅದಕ್ಕೆ ಆ ಒಂದು ಫೋಲ್ಡರ್ ಬಿಟ್ಟು ಬೇರೇನೂ ಹಕ್ಕು ಬೇಡ. ನೌಕರರೊಬ್ಬರ ಸ್ವಂತ ಖಾತೆಯನ್ನು ಕಾಪಿಯರಿಗೆ ಕೊಟ್ಟಿದ್ದರೆ ಮೊದಲು ಅದನ್ನು ಬಿಡಿಸಿ. ಅವರು ಪಾಸ್‌ವರ್ಡ್ ಬದಲಿಸಿದ ದಿನ ಕಾಪಿಯರ್ ಹಳೆಯದನ್ನೇ ಮತ್ತೆ ಮತ್ತೆ ಕೊಟ್ಟು ಅವರ ಖಾತೆಯನ್ನೇ ಲಾಕ್ ಮಾಡಿಸಬಹುದು.

ಖಚಿತಪಡಿಸಿಕೊಳ್ಳಲು ವಿಂಡೋಸಿನ ಈವೆಂಟ್ ವ್ಯೂವರಿನಲ್ಲಿ ಸೆಕ್ಯುರಿಟಿ ಲಾಗ್ ತೆರೆದು 4625 ಸಂಖ್ಯೆ ಹುಡುಕಿ. ವಿಫಲ ಲಾಗಿನ್ನಿನ ದಾಖಲೆ ಅದು. ವಿಫಲ ಲಾಗಿನ್ ಬರೆದಿಡುವ ಆಡಿಟ್ ಆಯ್ಕೆ ಚಾಲೂ ಇರಬೇಕು. ಲಾಗಿನ್ ಬಗೆ 3 ಎಂದಿದ್ದು, ಕಾಪಿಯರಿನ ಐಪಿ ವಿಳಾಸ ಕಂಡರೆ ಸಂಶಯವೇ ಉಳಿಯುವುದಿಲ್ಲ. 4625 ಒಂದೂ ಇಲ್ಲವೆಂದರೆ ಕಾಪಿಯರ್ ಬಹುಶಃ ಕಂಪ್ಯೂಟರನ್ನು ಮುಟ್ಟಿಯೇ ಇಲ್ಲ. ಆಗ ಕಂಪ್ಯೂಟರಿನ ಐಪಿ ವಿಳಾಸ ಬದಲಾಗಿದೆಯೇ ನೋಡಿ, ಬದಲಾಗಿದ್ದರೆ ರೂಟರಿನಲ್ಲಿ ಅದಕ್ಕೊಂದು ವಿಳಾಸ ಕಾಯ್ದಿರಿಸಿ.

ಪ್ರಶ್ನೆ: ರಾತ್ರಿ ಬಂದ ಫ್ಯಾಕ್ಸ್ ಮಾತ್ರ ಫೋಲ್ಡರಿಗೆ ಹೋಗುವುದಿಲ್ಲ. ಏಕೆ?

ಉತ್ತರ: ಕಂಪ್ಯೂಟರ್ ಮಲಗಿರುತ್ತದೆ. ಪವರ್ ಸೆಟ್ಟಿಂಗಿನಲ್ಲಿ ‘ಸ್ಲೀಪ್’ ಅನ್ನು ‘ಎಂದೂ ಬೇಡ’ ಮಾಡಿ. ಪರದೆ ಆರಿದರೆ ಅಡ್ಡಿಯಿಲ್ಲ. ಕಾಪಿಯರ್ ಕೆಲವು ಸಲ ಮರುಪ್ರಯತ್ನ ಮಾಡಿ ಕೈಬಿಡುತ್ತದೆ, ಬೆಳಗಿನವರೆಗೆ ಕಾಯುವುದಿಲ್ಲ. ಇಪ್ಪತ್ನಾಲ್ಕು ಗಂಟೆಯೂ ಓಡುವ ಸ್ಟೋರೇಜ್ ಪೆಟ್ಟಿಗೆ ನಿಮ್ಮಲ್ಲಿದ್ದರೆ ಫೋಲ್ಡರನ್ನು ಅಲ್ಲೇ ಇಡಿ.

ಪ್ರಶ್ನೆ: ನಾವು ಫ್ಯಾಕ್ಸನ್ನು ಜಿಮೇಲಿಗೆ ಕಳಿಸುವ ಹಾಗೆ ಮಾಡಿದ್ದೇವೆ. ಪಾಸ್‌ವರ್ಡ್ ಸರಿಯಿದ್ದರೂ ‘ದೃಢೀಕರಣ ವಿಫಲ’ ಎನ್ನುತ್ತದೆ.

ಉತ್ತರ: ನೀವು ಬ್ರೌಸರಿನಲ್ಲಿ ಬಳಸುವ ಪಾಸ್‌ವರ್ಡ್ ಸರಿಯೇ ಇರಬಹುದು, ಕಾಪಿಯರಿಗೆ ಅದು ನಡೆಯುವುದಿಲ್ಲ. ವೈಯಕ್ತಿಕ ಖಾತೆಗಳಿಗೆ ಬರೀ ಹೆಸರು ಮತ್ತು ಪಾಸ್‌ವರ್ಡಿನಿಂದ ಒಳಬಿಡುವುದನ್ನು ಗೂಗಲ್ 2022ರ ಮೇ 30ರಿಂದ ನಿಲ್ಲಿಸಿದೆ. ಖಾತೆಯಲ್ಲಿ ಎರಡು ಹಂತದ ಪರಿಶೀಲನೆ ಚಾಲೂ ಮಾಡಿ, ಆಮೇಲೆ ‘ಆ್ಯಪ್ ಪಾಸ್‌ವರ್ಡ್’ ಪಡೆಯಿರಿ. ಹದಿನಾರು ಅಕ್ಷರದ ಅದನ್ನು ನಡುವೆ ಜಾಗ ಬಿಡದೆ ಕಾಪಿಯರಿನಲ್ಲಿ ಬರೆಯಿರಿ. ಮುಂದೊಂದು ದಿನ ಖಾತೆಯ ಮುಖ್ಯ ಪಾಸ್‌ವರ್ಡ್ ಬದಲಿಸಿದರೆ ಆ್ಯಪ್ ಪಾಸ್‌ವರ್ಡೂ ರದ್ದಾಗುತ್ತದೆ, ಹೊಸದು ಬೇಕಾಗುತ್ತದೆ.

ಕಾಪಿಯರಿನ ಮೇಲ್ ಸೆಟ್ಟಿಂಗಿನಲ್ಲಿ ಪೋರ್ಟ್ 587 ಆದರೆ ಭದ್ರತೆ ‘ಸ್ಟಾರ್ಟ್‌ಟಿಎಲ್‌ಎಸ್’, ಅಂದರೆ ಸಂಪರ್ಕ ಆದಮೇಲೆ ಗೂಢಲಿಪಿ ಶುರು; 465 ಆದರೆ ಮೊದಲಿಂದಲೇ ಟಿಎಲ್‌ಎಸ್ ಗೂಢಲಿಪಿ. ಇವನ್ನು ಅದಲುಬದಲು ಮಾಡಿದರೆ ಸಂಪರ್ಕವೇ ಆಗುವುದಿಲ್ಲ. 25ನ್ನು ಬಹಳ ಇಂಟರ್‌ನೆಟ್ ಸೇವೆಗಳು ತಡೆಹಿಡಿಯುತ್ತವೆ, ಅದರ ತಂಟೆಗೆ ಹೋಗಬೇಡಿ. ಕಾಪಿಯರಿಗೆ ಕೈಯಾರೆ ಐಪಿ ವಿಳಾಸ ಕೊಟ್ಟವರು ಡಿಎನ್‌ಎಸ್ ಖಾನೆ ಖಾಲಿ ಬಿಟ್ಟಿರುವುದು ಮಾಮೂಲಿ. ಆಗ ಮೇಲ್ ಸರ್ವರಿನ ಹೆಸರೇ ಯಂತ್ರಕ್ಕೆ ಗುರುತು ಸಿಗುವುದಿಲ್ಲ. ಕಾಪಿಯರಿನ ಗಡಿಯಾರದ ತಾರೀಖು, ಇಸವಿ ಸರಿಯಿದೆಯೇ ಎಂದೂ ನೋಡಿ. ಇಸವಿ ತಪ್ಪಿದ್ದರೆ ಸರ್ವರಿನ ಪ್ರಮಾಣಪತ್ರ ಯಂತ್ರದ ಲೆಕ್ಕದಲ್ಲಿ ಅವಧಿ ಮೀರಿದ್ದೋ ಇನ್ನೂ ಆರಂಭವಾಗದ್ದೋ ಆಗಿಬಿಡುತ್ತದೆ. ಕಳಿಸುವವರ ವಿಳಾಸದ ಖಾನೆಯಲ್ಲಿ ಅದೇ ಜಿಮೇಲ್ ವಿಳಾಸ ಇರಲಿ. ಅಟ್ಯಾಚ್‌ಮೆಂಟ್ ದೊಡ್ಡದಾಯಿತೇನೋ ಎಂಬ ಚಿಂತೆ ಸಾಮಾನ್ಯವಾಗಿ ಬೇಡ: ಫ್ಯಾಕ್ಸ್ ಪುಟ ಬರೀ ಕಪ್ಪು ಬಿಳುಪು, ಒಂದು ಸಾಲಿಗೆ 1728 ಚುಕ್ಕೆ, 25 ಎಂಬಿ ಮಿತಿ ಮುಟ್ಟಲು ಪುಸ್ತಕವನ್ನೇ ಫ್ಯಾಕ್ಸ್ ಮಾಡಬೇಕು.

ಪ್ರಶ್ನೆ: ಕಳಿಸಿದವರ ನಂಬರ್ ನೋಡಿ ಬೇರೆ ಬೇರೆ ವಿಭಾಗದ ಫೋಲ್ಡರಿಗೆ ಹಂಚುವ ನಿಯಮ ಮಾಡಿದ್ದೇವೆ. ಕೆಲವರದು ಮಾತ್ರ ಯಾವ ಫೋಲ್ಡರಿಗೂ ಹೋಗದೆ ಪ್ರಿಂಟ್ ಆಗುತ್ತದೆ.

ಉತ್ತರ: ಹೆಚ್ಚಿನ ಯಂತ್ರಗಳು ಇಲ್ಲಿ ನೋಡುವುದು ಫೋನ್ ಕಂಪನಿ ತೋರಿಸುವ ಕಾಲರ್ ಐಡಿಯನ್ನಲ್ಲ, ಕಳಿಸುವ ಯಂತ್ರ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ, 20 ಅಕ್ಷರದ ಮಿತಿಯ ಗುರುತನ್ನು. ಅದನ್ನು ತುಂಬಿದವರು ಆ ಕಚೇರಿಯವರು. ಖಾಲಿ ಬಿಟ್ಟಿರಬಹುದು, ನಂಬರ್ ಬದಲಾದರೂ ಹಳೆಯದೇ ಉಳಿದಿರಬಹುದು, ಮುಂದೆ ಕೂಡಿಸುವ ಚಿಹ್ನೆ, ನಡುವೆ ಜಾಗ ಹಾಕಿರಬಹುದು. ನಿಮ್ಮ ನಿಯಮಕ್ಕೂ ಅದಕ್ಕೂ ಒಂದು ಜಾಗದ ವ್ಯತ್ಯಾಸ ಬಂದರೂ ತಾಳೆಯಾಗುವುದಿಲ್ಲ. ಜರ್ನಲಿನಲ್ಲಿ ಹೇಗೆ ಕಾಣುತ್ತದೋ ಹಾಗೇ ನಿಯಮದಲ್ಲಿ ಬರೆಯಿರಿ. ‘ಒಳಗೊಂಡಿದೆ’ ಎಂಬ ಆಯ್ಕೆ ಇದ್ದರೆ ನಂಬರಿನ ಕೊನೆಯ ಆರೇಳು ಅಂಕಿ ಕೊಟ್ಟರೆ ಸಾಕು. ಯಾವ ನಿಯಮಕ್ಕೂ ಸಿಗದವು ಹೋಗಲು ಒಂದು ಸಾಮಾನ್ಯ ಫೋಲ್ಡರ್ ಬೇಕೇ ಬೇಕು.

ಪ್ರಶ್ನೆ: ಫೋನ್ ಲೈನನ್ನು ಇಂಟರ್‌ನೆಟ್ ಮೂಲಕದ್ದಕ್ಕೆ ಬದಲಿಸಿದ ಮೇಲೆ ಫೋಲ್ಡರಿಗೆ ಅರ್ಧರ್ಧ ಪುಟ ಬರುತ್ತಿದೆ. ಐದು ಪುಟದ ಫ್ಯಾಕ್ಸ್ ಎರಡಕ್ಕೇ ನಿಲ್ಲುತ್ತದೆ. ಫಾರ್ವರ್ಡಿಂಗ್ ಕೆಟ್ಟಿದೆಯೇ?

ಉತ್ತರ: ಇಲ್ಲ, ಪಾಪ ಫಾರ್ವರ್ಡಿಂಗ್ ತನಗೆ ಸಿಕ್ಕಿದ್ದನ್ನು ತಲುಪಿಸಿದೆ. ಕೆಟ್ಟದ್ದು ಮೊದಲ ಪ್ರಯಾಣ. ಮಾತಿಗೆಂದು ಮಾಡಿದ ಇಂಟರ್‌ನೆಟ್ ಲೈನಿನಲ್ಲಿ ಒಂದೆರಡು ಪ್ಯಾಕೆಟ್ ಕಳೆದರೆ ಕಿವಿ ಸಹಿಸಿಕೊಳ್ಳುತ್ತದೆ, ಫ್ಯಾಕ್ಸ್ ಮೋಡೆಮ್ ಸಹಿಸುವುದಿಲ್ಲ. ಲೈನಿನ ಅಡಾಪ್ಟರಿನಲ್ಲಿ ಇಂಟರ್‌ನೆಟ್ ಮೂಲಕ ಫ್ಯಾಕ್ಸ್ ಸಾಗಿಸಲೆಂದೇ ಮಾಡಿದ ಟಿ.38 ನಿಯಮಾವಳಿ ಇದ್ದು ಸೇವೆ ಕೊಡುವವರೂ ಅದನ್ನು ಒಪ್ಪುತ್ತಾರಾದರೆ ಚಾಲೂ ಮಾಡಿ. ಇಲ್ಲದಿದ್ದರೆ ಸ್ವರವನ್ನು ಅಂಕಿಗಳಾಗಿಸುವ ವಿಧಾನ, ಅಂದರೆ ಕೊಡೆಕ್, ಜಿ.711 ಇರಲಿ. ಜಿ.729 ಮಾತನ್ನು ಹಿಂಡಿ ಕಳಿಸುವಂಥದ್ದು, ಅದರೊಳಗೆ ಫ್ಯಾಕ್ಸಿನ ಸ್ವರ ಉಳಿಯುವುದಿಲ್ಲ.

ಕಾಪಿಯರಿನ ಕಡೆಯಿಂದ ಸ್ವೀಕರಿಸುವ ವೇಗವನ್ನು ಸೆಕೆಂಡಿಗೆ 33,600 ಬಿಟ್‌ನಿಂದ 14,400ಕ್ಕೆ ಇಳಿಸಿ, ಸಾಲದಿದ್ದರೆ 9,600. ದೋಷ ತಿದ್ದುವ ಇಸಿಎಂ ಚಾಲೂ ಇರಲಿ. ಪ್ಯಾಕೆಟ್ ತುಂಬಾ ಕಳೆಯುವ ಲೈನಿನಲ್ಲಿ ಇಸಿಎಂ ಕೆಟ್ಟ ತುಂಡುಗಳನ್ನು ಮತ್ತೆ ಮತ್ತೆ ಕೇಳಿ ಕೊನೆಗೆ ಕರೆಯನ್ನೇ ಕಡಿಯುತ್ತದೆ. ಅದನ್ನು ಆಫ್ ಮಾಡಿದರೆ ಪುಟ ಬರುತ್ತದೆ, ಆದರೆ ಅಂಕಿಗಳ ಮೇಲೆ ಗೆರೆ ಎಳೆದುಕೊಂಡು. ಲೆಕ್ಕಪತ್ರ, ಔಷಧದ ಪ್ರಮಾಣ ಇಂಥವು ಫ್ಯಾಕ್ಸಿನಲ್ಲಿ ಬರುವ ಕಡೆ ನಾವು ಇಸಿಎಂ ಆಫ್ ಮಾಡಲು ಹೇಳುವುದಿಲ್ಲ. ಕಾಲ್ ವೇಟಿಂಗ್ ಸೌಲಭ್ಯವನ್ನೂ ತೆಗೆಸಿ. ನಡುವೆ ಬರುವ ಆ ‘ಟುಂಯ್’ ಒಂದೇ ಸಾಕು, ಪುಟ ಹಾಳಾಗಲು.

ಪ್ರಶ್ನೆ: ಫೋಲ್ಡರಿಗೆ ಹೋಗದ ಫ್ಯಾಕ್ಸ್‌ಗಳಿಂದ ಮೆಮೊರಿ ತುಂಬಿ ಯಂತ್ರ ಈಗ ಕರೆಯನ್ನೇ ಎತ್ತುತ್ತಿಲ್ಲ. ಒಮ್ಮೆ ಸ್ವಿಚ್ ಆರಿಸಿ ಹಾಕಿದರೆ ಸರಿಹೋಗುತ್ತದೆಯೇ?

ಉತ್ತರ: ಆರಿಸಬೇಡಿ! ಕೆಲವು ಯಂತ್ರಗಳಲ್ಲಿ ಮೆಮೊರಿಯ ಫ್ಯಾಕ್ಸ್ ಕರೆಂಟ್ ಹೋದ ಮೇಲೆ ಸ್ವಲ್ಪ ಹೊತ್ತಷ್ಟೇ ಉಳಿಯುತ್ತದೆ. ಮೊದಲು ಟ್ರೇಗೆ ಕಾಗದ ತುಂಬಿ, ಉಳಿದ ಫ್ಯಾಕ್ಸ್‌ಗಳನ್ನೆಲ್ಲ ಪ್ರಿಂಟ್ ಮಾಡಿ, ಜರ್ನಲಿನ ಎಣಿಕೆಯ ಜೊತೆ ತಾಳೆ ನೋಡಿ. ಆಮೇಲೆ ಸಂಪರ್ಕ ಸರಿಮಾಡಿ.

ಇಂಥ ಪರಿಸ್ಥಿತಿ ಮತ್ತೆ ಬರದಂತೆ ಫಾರ್ವರ್ಡಿಂಗ್ ಸೆಟ್ಟಿಂಗಿನಲ್ಲಿ ‘ವಿಫಲವಾದರೆ ಪ್ರಿಂಟ್ ಮಾಡು’ ಎಂಬುದನ್ನು ಆರಿಸಿಕೊಳ್ಳಿ. ಹೊಸದಾಗಿ ಜೋಡಿಸಿದ ಮೊದಲ ಎರಡು ವಾರ ‘ಯಾವಾಗಲೂ ಪ್ರಿಂಟ್ ಮಾಡು’ ಎಂದೇ ಇಟ್ಟು, ಕಾಗದವನ್ನೂ ಫೋಲ್ಡರನ್ನೂ ದಿನಾ ಎದುರುಬದುರು ಇಟ್ಟು ನೋಡಿ. ಕಾಗದ ಉಳಿಸಲೆಂದೇ ಮಾಡಿದ ವ್ಯವಸ್ಥೆಗೆ ಕಾಗದ ಖರ್ಚು ಮಾಡುವುದೇ ಎಂದು ಗೊಣಗುವವರಿಗೆ ಕಳೆದುಹೋದ ಒಂದು ಆರ್ಡರಿನ ಬೆಲೆ ನೆನಪಿಸಿ.

ಪ್ರಶ್ನೆ: ಫೈಲ್ ಬರುತ್ತದೆ, ಆದರೆ ಕೆಲವರ ಕಂಪ್ಯೂಟರಿನಲ್ಲಿ ಮೊದಲ ಪುಟ ಮಾತ್ರ ಕಾಣುತ್ತದೆ.

ಉತ್ತರ: ನಿಮ್ಮ ಯಂತ್ರ ಟಿಫ್ ಫೈಲ್ ಕಳಿಸುತ್ತಿದೆ. ಒಂದೇ ಟಿಫ್ ಫೈಲಿನೊಳಗೆ ಹಲವು ಪುಟ ಇರುತ್ತವೆ, ಚಿತ್ರ ತೋರಿಸುವ ಕೆಲವು ಪ್ರೋಗ್ರಾಂಗಳು ಮೊದಲನೆಯದನ್ನು ತೋರಿಸಿ ಸುಮ್ಮನಾಗುತ್ತವೆ. ಫಾರ್ವರ್ಡಿಂಗಿನ ಫೈಲ್ ಬಗೆಯನ್ನು ಪಿಡಿಎಫ್ ಮಾಡಿ. ಹಿಂದೆ ಬಂದ ಫೈಲ್‌ಗಳಲ್ಲಿ ಉಳಿದ ಪುಟಗಳು ಹಾಗೇ ಇವೆ, ಅಳಿಸಿಬಿಡಬೇಡಿ.