ದಣಿದ ಸೂರ್ಯನಿಗೆ ಕಾಲಿಗೆ ನೀರು

ಪ್ರಶ್ನೆ: ವರ್ಸೇಲ್ಸ್ ಅರಮನೆಯ ತೋಟದ ಅಮೃತಶಿಲೆಯ ಶಿಲ್ಪವೊಂದರ ಚಿತ್ರ ನೋಡಿದೆ. ನಡುವೆ ಅಪೊಲೊ, ಸುತ್ತ ಆರು ಹೆಂಗಸರು. ಅವರೇನು ಮಾಡುತ್ತಿದ್ದಾರೆ?
– ಓದುಗರೊಬ್ಬರು, ಶಿರಸಿ

ಉತ್ತರ: ಉಪಚಾರ! ದಿನವಿಡೀ ರಥ ಹೊಡೆದು ದಣಿದ ಗ್ರೀಕರ ಸೂರ್ಯದೇವ ಅಪೊಲೊ ಸಂಜೆ ಸಮುದ್ರದೇವಿ ಥೆಟಿಸಳ ಮನೆಗೆ ಬಂದಿದ್ದಾನೆ. ಅವಳ ಅಪ್ಸರೆಯರಲ್ಲಿ ಒಬ್ಬಳು ಮೊಣಕಾಲೂರಿ ಅವನ ಪಾದ ಒರೆಸುತ್ತಿದ್ದಾಳೆ. ನಿಮ್ಮ ಊರಿನಲ್ಲೂ ಬಂದವರಿಗೆ ಮೊದಲು ಕಾಲಿಗೆ ನೀರು ಕೊಡುತ್ತಾರಲ್ಲ, ಹಾಗೆ. ಅಪೊಲೊನನ್ನೂ ಮೂವರು ಅಪ್ಸರೆಯರನ್ನೂ ಕೆತ್ತಿದವನು ಜಿರಾರ್ದೊಂ. ಉಳಿದ ಮೂವರು ರೆನ್ಯೋದೆಂನ ಕೈಕೆಲಸ. ನನಗೆ ಇಷ್ಟವಾದದ್ದು ಅಲ್ಲಿರುವ ಹೂಜಿ. ಅದರ ಮೈಮೇಲೆ ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿಯ ಸೇನೆ 1672ರಲ್ಲಿ ರೈನ್ ನದಿ ದಾಟಿದ ದೃಶ್ಯವಿದೆ! ತನ್ನನ್ನು ಸೂರ್ಯನಿಗೆ ಹೋಲಿಸಿಕೊಂಡ ದೊರೆಗೆ ಪುರಾಣವೂ ಸಾಲಲಿಲ್ಲ. ಶಿಲ್ಪಕ್ಕೆಂದೇ ಕಟ್ಟಿದ್ದ ಗುಹಾಮಂದಿರವನ್ನು ಮಾತ್ರ 1684ರಲ್ಲಿ, ಅರಮನೆ ವಿಸ್ತರಿಸಲೆಂದು, ಅವನೇ ಕೆಡವಿಸಿದ.